ಬಿಸಿಲಿಗೆ ಕೊಟ್ಟ ಮೊಟ್ಟೆ

ನಗರಸಭೆಯ ಹೆಂಗಸೊಬ್ಬಳು ಹಳದಿ ಕೋಟು ತೊಟ್ಟು ಬಂದು, ಬಾಗಿಲಲ್ಲೇ ನಿಂತು ಹೇಳಿಹೋದದ್ದು ಇಷ್ಟು: ಕಾಲುವೆಯ ಈಚೆ, ಇಟ್ಟಿಗೆಗೂಡಿನ ಬೀದಿಯಲ್ಲಿರುವವರು ಇನ್ನು ಮೇಲೆ ತಮ್ಮ ಹಿತ್ತಿಲ ಕೋಳಿಯ ಮೊಟ್ಟೆ ತಿನ್ನಬಾರದು. ಕಾರ್ಖಾನೆಯ ದೂಳು ಮಣ್ಣಿಗೆ ಬಿದ್ದಿದೆ. ಕೋಳಿ ಮಣ್ಣು ಕೆದಕುತ್ತದೆ. ಸೀಸ ಮೊಟ್ಟೆಗೆ ಇಳಿದಿದೆ. ವಯಸ್ಸಾದವರಿಗೆ ಅಷ್ಟೇನೂ ತೊಂದರೆ ಇಲ್ಲ, ಮಕ್ಕಳು ಮತ್ತು ಬಸುರಿಯರು ಮಾತ್ರ ಮುಟ್ಟಲೇಬಾರದು.

"ಏನಾದ್ರೂ ಕೇಳೋದಿದೆಯಾ?" ಎಂದಳು ಆಕೆ.

"ಕಾಫಿ ಕುಡೀತೀರಾ?" ಎಂದಳು ಇರ್ಮಾ.

ಬೇರೇನೂ ಅವಳಿಗೆ ಹೊಳೆಯಲಿಲ್ಲ. ಕೋಟಿನ ಹೆಂಗಸು ಪಕ್ಕದ ಮನೆಯ ಕರೆಗಂಟೆ ಒತ್ತುವುದು ಕೇಳಿಸಿತು. ಇರ್ಮಾ ಒಳಗೆ ಬಂದು ಅಡುಗೆಮನೆಯಲ್ಲಿ ಕೂತಳು. ಮೇಜಿನ ಮೇಲೆ ಬೆಳಗಿನ ಎರಡು ಮೊಟ್ಟೆಚಿಪ್ಪು ಇನ್ನೂ ಬಟ್ಟಲಲ್ಲೇ ಇದ್ದವು. ಮಗಳು ಲೀಸ್ಬೆತ್ ತಿಂದು ಹೋದದ್ದು. ಲೀಸ್ಬೆತ್ ಬಸುರಿ ಎಂದು ತಿಳಿದ ದಿನದಿಂದ, ಔಷಧಿ ಅಂಗಡಿಯ ಕೆಲಸಕ್ಕೆ ಹೋಗುವ ಮೊದಲು ತಾಯಿಯ ಮನೆಗೆ ಬಂದು ಹೋಗುತ್ತಿದ್ದಳು. ಬಂದವಳನ್ನು ಇರ್ಮಾ ಬರಿಹೊಟ್ಟೆಯಲ್ಲಿ ಬಿಟ್ಟಾಳೆಯೇ? "ಎರಡು ತಿನ್ನು. ಒಂದು ನಿನಗೆ, ಒಂದು ಅದಕ್ಕೆ" ಎಂದು ಎದುರಿಗೇ ಕೂತು ತಿನ್ನಿಸುತ್ತಿದ್ದಳು. ಜನವರಿಯಿಂದ ಏಪ್ರಿಲ್‌ವರೆಗೆ ಹೀಗೇ ನಡೆದಿತ್ತು.

ಇರ್ಮಾ ಚಿಪ್ಪುಗಳನ್ನು ನೋಡಿದಳು. ಎದೆ ಒಡೆಯಬೇಕಿತ್ತು, ಒಡೆಯಲಿಲ್ಲ. ಎದ್ದು ಬಟ್ಟಲು ತೊಳೆದಿಟ್ಟಳು.

ಕಾರ್ಖಾನೆಯನ್ನು ಬಯ್ಯೋಣವೆಂದರೆ ಯಾರನ್ನು ಬಯ್ಯುವುದು? ಗಂಡ ಫಿರ್ಮಿನ್ ಮೀಸೆ ಮೂಡುವ ಮೊದಲೇ ಅಲ್ಲಿಗೆ ಸೇರಿದವನು. ದೇಶದ ಹಳೇ ಕಾರು, ಕೆಟ್ಟ ಫ್ರಿಜ್ಜು, ತುಕ್ಕು ಹಿಡಿದ ಬಟ್ಟೆ ಒಗೆಯುವ ಯಂತ್ರಗಳೆಲ್ಲ ದೋಣಿಯಲ್ಲಿ ಬಂದು ಕಾಲುವೆಯ ದಡದಲ್ಲಿ ಗುಡ್ಡ ಬೀಳುತ್ತಿದ್ದವು. ಫಿರ್ಮಿನ್ ಕ್ರೇನಿನ ಅಯಸ್ಕಾಂತದಿಂದ ಅವನ್ನು ಎತ್ತಿ ಅರೆಯುವ ಯಂತ್ರದ ಬಾಯಿಗೆ ಹಾಕುತ್ತಿದ್ದ. ಆಚೆ ಕಡೆಯಿಂದ ಕಬ್ಬಿಣ ಬೇರೆ, ತಾಮ್ರ ಬೇರೆ, ಅಲ್ಯೂಮಿನಿಯಂ ಬೇರೆಯಾಗಿ ಬೀಳುತ್ತಿತ್ತು. ಬೇರೆಯಾಗದೆ ಉಳಿದದ್ದು ಇಟ್ಟಿಗೆಗೂಡಿನ ಬೀದಿಯ ಮೇಲೆ ಬೀಳುತ್ತಿತ್ತು. ಕಾರ್ಖಾನೆಯ ಗೋಡೆಯ ಮೇಲೆ ಮಾತ್ರ ಒಂದು ದೊಡ್ಡ ಹಸಿರೆಲೆ ಬಿಡಿಸಿದ್ದರು. ಬಿಡಿಸಿದವನಿಗೆ ನಾಚಿಕೆಯಾಗಬೇಕಿತ್ತು. ಪ್ರತಿ ವರ್ಷ ಬಂದು ಅದಕ್ಕೆ ಹೊಸ ಬಣ್ಣ ಬಳಿದು ಹೋಗುತ್ತಿದ್ದ!

ಲೀಸ್ಬೆತ್ ವಿಷಯ ತಿಳಿದು ಮಧ್ಯಾಹ್ನವೇ ಬಂದಳು. ಕೂರಲಿಲ್ಲ. ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಡುಮನೆಯಲ್ಲಿ ನಿಂತಳು.

"ನಿಂಗೊತ್ತಿತ್ತಾ ಅಮ್ಮ?"

"ಹೇಗೆ ಗೊತ್ತಿರುತ್ತೆ? ಇವತ್ತು ಬಂದು ಹೇಳಿದ್ರು."

"ಕಿಟಕಿ ಮೇಲೆ ದಿನಾ ಒರೆಸ್ತೀಯಲ್ಲ, ಅದೇನು ಅಂದ್ಕೊಂಡಿದ್ದೆ? ಹಿಟ್ಟಾ?"

ಆ ವಾರವೇ ಲೀಸ್ಬೆತ್ ರಕ್ತ ಪರೀಕ್ಷೆ ಮಾಡಿಸಿದಳು. ಇರಬೇಕಾದ್ದಕ್ಕಿಂತ ಹೆಚ್ಚಿದೆ, ಹೆದರುವಷ್ಟಿಲ್ಲ, ಕಾದು ನೋಡೋಣ ಎಂದರು ಡಾಕ್ಟರು. ಹೆದರಬೇಡಿ ಎಂದು ಹೇಳಿಸಿಕೊಂಡವರು ಹೆದರದೆ ಇನ್ನೇನು ಮಾಡುತ್ತಾರೆ?

"ಕೋಳಿ ಹೋಗ್ಬೇಕು, ದೂಳು ಹೋಗ್ಬೇಕು," ಎಂದಳು ಲೀಸ್ಬೆತ್. "ಇಲ್ದಿದ್ರೆ ಮಗು ಈ ಮನೆಗೆ ಬರಲ್ಲ. ಇದು ನಿನ್ನ ಮೇಲಿನ ಸಿಟ್ಟಲ್ಲಮ್ಮ. ಬರಲ್ಲ ಅಂದ್ರೆ ಬರಲ್ಲ, ಅಷ್ಟೇ."

ಇರ್ಮಾಳ ಬದುಕೆಲ್ಲ ಆಗ ಆ ಒಂದು ಮಾತಿಗೆ ನೇತುಬಿದ್ದಿತ್ತು. ಮೊಮ್ಮಗುವನ್ನು ಹಗಲೆಲ್ಲ ನೋಡಿಕೊಳ್ಳುವುದಕ್ಕೆಂದೇ ಅವಳು ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟಿದ್ದಳು. ಲೀಸ್ಬೆತ್ ಮಲಗಿ ಬೆಳೆದ ತೊಟ್ಟಿಲನ್ನು ಫಿರ್ಮಿನ್ ಅಟ್ಟದಿಂದಿಳಿಸಿ ಬಿಳಿ ಬಣ್ಣ ಹೊಡೆದಿದ್ದ. ಅದು ಬೀದಿಕೋಣೆಯ ಕಿಟಕಿಯ ಕೆಳಗೆ ಬಿಳಿ ಹೊದಿಕೆ ಹೊದ್ದು ಕಾಯುತ್ತಿತ್ತು. ಮಗು ಸೆಪ್ಟೆಂಬರಿಗೆ. ಅದಕ್ಕೂ ಮೊದಲು, ಜೂನ್ ತಿಂಗಳಲ್ಲಿ, ಇದೇ ಹಿತ್ತಿಲಲ್ಲಿ ಲೀಸ್ಬೆತ್‌ಳ ಮದುವೆ.

ಸರಿ, ಮಗಳು ಹೇಳಿದ್ದನ್ನೆಲ್ಲ ಇರ್ಮಾ ಮಾಡಿದಳು. ಗುಡಿಸುವುದನ್ನು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದಳು. ಫಿರ್ಮಿನ್ ಬೂಟನ್ನೂ ಕೆಲಸದ ಬಟ್ಟೆಯನ್ನೂ ಕೊಟ್ಟಿಗೆಯಲ್ಲಿ ಕಳಚಿ ಒಳ ಅಂಗಿಯಲ್ಲಿ ಮನೆಯೊಳಗೆ ಓಡಿ ಬರುತ್ತಿದ್ದ. ಪಕ್ಕದ ಮನೆಯ ಒಡೆತ್ ಬೇಲಿಯ ಮೇಲಿಂದ ನೋಡಿ, "ಏನಪ್ಪಾ ಮದುಮಗ, ಈ ವಯಸ್ಸಲ್ಲಿ ಇಷ್ಟು ಅವಸರವಾ?" ಎಂದು ಕಿಚಾಯಿಸುತ್ತಿದ್ದಳು. ಇರ್ಮಾಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೋಳಿಗಳನ್ನು ಒಯ್ಯಲು ನಗರಸಭೆಯ ಗಾಡಿ ಬಂದಾಗ ಅವಳೇ ಒಂದೊಂದನ್ನೂ ಹಿಡಿದು ಕೊಟ್ಟಳು. ಕುಂಟುಕೋಳಿ ಅವಳ ಕಂಕುಳಲ್ಲಿ ಮುಖ ಹುದುಗಿಸಿತು. ಫಿರ್ಮಿನ್ ಮೂಗೊರೆಸಿಕೊಂಡು ಕೊಟ್ಟಿಗೆಯ ಹಿಂದೆ ಹೋದ. ಇರ್ಮಾ ಗಾಡಿಯವನಿಗೆ, "ಅದರ ಎಡಗಾಲು ಸ್ವಲ್ಪ ನೋವು, ಮೆಲ್ಲಗೆ ಹಿಡ್ಕೊಳ್ಳಿ" ಎಂದಳು. ಕೊಲ್ಲಲು ಒಯ್ಯುವ ಕೋಳಿಯ ಕಾಲುನೋವಿನ ಮಾತು ಕೇಳಿ ಅವನು ತಲೆಯಾಡಿಸಿದ.

ಕೋಳಿ ಹೋದವು, ಮೊಟ್ಟೆ ಉಳಿದವು. ಏಪ್ರಿಲ್‌ನಿಂದ ಇಟ್ಟಿದ್ದೆಲ್ಲ ನೆಲಮಾಳಿಗೆಯ ತಂಪಿನಲ್ಲಿ ತಟ್ಟೆ ತಟ್ಟೆಯಾಗಿ ಕೂತಿತ್ತು. ಅವಳೂ ಫಿರ್ಮಿನ್ನೂ "ನಮಗಿನ್ನೇನು ಆಗಬೇಕಿದೆ" ಎಂದು ಹಳೆಯದನ್ನು ತಿನ್ನುತ್ತ ಬಂದರೂ ಮುಗಿಯಲಿಲ್ಲ. ಕಸದ ಚೀಲಕ್ಕೆ ಹಾಕಿ ಎಂದಿದ್ದಳು ಕೋಟಿನ ಹೆಂಗಸು. ಇರ್ಮಾ ಚೀಲ ಹಿಡಿದು ಇಳಿದಳು. ಕೈ ಬರಲಿಲ್ಲ. ಯುದ್ಧದ ಹಸಿವು ಕಂಡ ತಾಯಿಯ ಕೈಯಲ್ಲಿ ಬೆಳೆದವಳು ಅವಳು. ಚಿಪ್ಪಿಗಂಟಿದ ಬಿಳಿಯನ್ನು ಬೆರಳಿಂದ ಬಳಿದು ನೆಕ್ಕದಿದ್ದರೆ ಆ ತಾಯಿ ತಲೆಗೆ ಮೊಟಕುತ್ತಿದ್ದಳು. ಚೀಲ ಖಾಲಿಯೇ ಮೇಲೆ ಬಂತು.

ಮದುವೆಯ ವಾರ ಬೇಲಿಯಾಚೆಯಿಂದ ಒಡೆತ್ ಕೇಳಿದಳು:

"ಕ್ಲಾರಾ ಮಠಕ್ಕೆ ಮೊಟ್ಟೆ ಕೊಟ್ಯೇನೇ?"

"ಇಲ್ಲ, ಇನ್ನೂ ಇಲ್ಲ."

"ಅಯ್ಯೋ ನಿನ್ನ! ಹಿತ್ತಿಲಲ್ಲಿ ಚಪ್ಪರ ಹಾಕ್ಕೊಂಡು ಮಳೆ ಬಂದ್ರೆ ಏನ್ಮಾಡ್ತೀಯ? ಇವತ್ತೇ ಹೋಗು. ಅಂಗಡಿ ಮೊಟ್ಟೆ ಒಯ್ಬೇಡ ಮತ್ತೆ. ನನ್ ತಂಗಿ ಹಾಗೇ ಮಾಡಿ ಮದುವೆ ದಿನ ಚಪ್ಪರ ಹೋಗಿ ಕಾಲುವೇಲಿ ಬಿತ್ತು."

ಇದು ಇಲ್ಲಿ ಹಿಂದಿನಿಂದ ಬಂದದ್ದು. ಮದುವೆಯ ದಿನ ಮಳೆ ಬಾರದಿರಲಿ ಎಂದು ಸಂತ ಕ್ಲಾರಾಳ ಮಠದ ಕನ್ಯಾಸ್ತ್ರೀಯರಿಗೆ ಮೊಟ್ಟೆ ಕೊಡುವುದು, ಅವರು ಬಿಸಿಲಿಗಾಗಿ ಪ್ರಾರ್ಥಿಸುವುದು. ಚರ್ಚಿಗೆ ಕಾಲಿಡದವರೂ ಮೊಟ್ಟೆ ಮಾತ್ರ ತಪ್ಪಿಸುವುದಿಲ್ಲ. ಇರ್ಮಾಳ ಅಜ್ಜಿ ಕೊಟ್ಟಿದ್ದಳು, ತಾಯಿ ಕೊಟ್ಟಿದ್ದಳು, ತನ್ನ ಮದುವೆಗೆ ಇರ್ಮಾಳೇ ಕೊಟ್ಟು ಬಂದಿದ್ದಳು. ಎಲ್ಲ ಮನೆಯ ಕೋಳಿಯದೇ. ಅವಳು ನೆಲಮಾಳಿಗೆಗಿಳಿದಳು, ಮೊಟ್ಟೆಗಳನ್ನು ಒಂದೊಂದಾಗಿ ನೀರಿನಲ್ಲಿ ಬಿಟ್ಟು ತೇಲಿದ್ದನ್ನು ಪಕ್ಕಕ್ಕಿಟ್ಟಳು, ಮುಳುಗಿದ್ದನ್ನು ಒರೆಸಿ ಬುಟ್ಟಿ ತುಂಬಿದಳು. ಕೊಡುವ ವಸ್ತು ಚೆನ್ನಾಗಿರಬೇಕಲ್ಲ! ಮನಸ್ಸು ಎಲ್ಲಿತ್ತೋ, ಕೈ ಮಾತ್ರ ತಾಯಿ ಕಲಿಸಿದ್ದನ್ನು ಮಾಡುತ್ತಿತ್ತು.

ಮಠದ ಗೋಡೆಯಲ್ಲಿ ಒಂದು ತಿರುಗುವ ಮರದ ಗೂಡಿದೆ. ಒಳಗಿನವರು ಹೊರಗಿನವರಿಗೆ ಕಾಣುವುದಿಲ್ಲ. ಇರ್ಮಾ ಬುಟ್ಟಿಯನ್ನು ಗೂಡಿನಲ್ಲಿಟ್ಟು ಗಂಟೆ ಎಳೆದಳು.

"ಯಾರ ಮದುವೆ?" ಎಂದಿತು ಒಳಗಿನ ಮುದಿ ದನಿ.

"ಮಗಳದು ಸಿಸ್ಟರ್. ಶನಿವಾರ."

"ಬಿಸಿಲಿಗೆ ಹೇಳ್ತೀವಿ. ಮಗಳು ಚೆನ್ನಾಗಿರಲಿ."

ಗೂಡು ಗರ್ರೆಂದು ತಿರುಗಿತು. ಮೊಟ್ಟೆ ಒಳಗೆ ಹೋದವು. ಮತ್ತೆ ತಿರುಗಿದಾಗ ಖಾಲಿ ಬುಟ್ಟಿಯೂ, ಅದರಲ್ಲೊಂದು ಸಂತ ಕ್ಲಾರಾಳ ಚಿತ್ರವೂ ಬಂದವು. ಅಷ್ಟೇ, ಮೊಟ್ಟೆಯ ಕಥೆ ಮುಗಿಯಿತು. ಗೂಡಿನ ಆಚೆ ಅಡುಗೆಮನೆ ಇರುತ್ತದೆ, ಬಾಣಲೆ ಇರುತ್ತದೆ, ಹಸಿದವರಿರುತ್ತಾರೆ ಎಂದು ಈ ಊರಿನಲ್ಲಿ ಯಾರೂ ಎಂದೂ ಯೋಚಿಸಿದವರಲ್ಲ. ಕೊಟ್ಟ ಮೊಟ್ಟೆ ಆಕಾಶಕ್ಕೆ ಹೋಗುತ್ತದೆ, ಬಿಸಿಲಾಗಿ ಇಳಿಯುತ್ತದೆ ಎಂಬಂತೆ ಇದ್ದುಬಿಟ್ಟಿದ್ದರು. ಇರ್ಮಾಳೂ ಹಾಗೇ ಇದ್ದಳು. ಬೇಡದ ಭಾರವೊಂದು ಕಳೆಯಿತೆಂದು ಬುಟ್ಟಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಮನೆಗೆ ನಡೆದಳು.

ಶನಿವಾರ ಬಿಸಿಲು ಬಂತು. ಬಂತು ಎಂದರೆ ಸುರಿಯಿತು. ಒಂದು ವಾರದಿಂದ ಹನಿಯಿಲ್ಲದೆ ಒಣಗಿದ ತಗಡಿನ ಗುಡ್ಡದ ಮೇಲಿಂದ ಮೂಡಣ ಗಾಳಿ ಎದ್ದಿತು. ಮಳೆಯಾದ ದಿನ ಗುಡ್ಡ ತಣ್ಣಗಿರುತ್ತದೆ, ಒಣ ದಿನ ದೂಳು ಹಾರುತ್ತದೆ. ಇದು ಬೀದಿಯ ಮಕ್ಕಳಿಗೂ ಗೊತ್ತು. ಆದರೂ ಬಿಸಿಲು ಬೇಡಿಕೊಂಡು ಬಂದರು ನೋಡಿ! ಮೊದಲು ಲೋಟಗಳ ಮೇಲೆ ಕಂಡಿತು, ಆಮೇಲೆ ಬಿಳಿ ಮೇಜುವಸ್ತ್ರದ ಮೇಲೆ. ಬೂದಿಯಂಥ ಬಣ್ಣ, ಅದರಲ್ಲಿ ಸಣ್ಣ ಹೊಳಪು. ನೆಂಟರು ಕೇಕಿನ ತಟ್ಟೆಗೆ ಅಂಗೈ ಮುಚ್ಚಿಕೊಂಡು ನಗುತ್ತಿದ್ದರು. ಫಿರ್ಮಿನ್ ಹೊಸ ಕೋಟಿನಲ್ಲಿ ಬೆವರುತ್ತ, "ನೀರು ಹೊಡೀರಪ್ಪ ಅಂತ ಮೇಸ್ತ್ರಿಗೆ ಹೇಳಿದ್ದೆ, ಇವತ್ತೊಂದು ದಿನ ಗುಡ್ಡಕ್ಕೆ ನೀರು ಹೊಡೀರಿ ಅಂತ" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ.

ಲೀಸ್ಬೆತ್ ಒಂದು ಖಾಲಿ ತಟ್ಟೆಯ ಮೇಲೆ ಬೆರಳೆಳೆದು ತಾಯಿಗೆ ತೋರಿಸಿದಳು. ಮದುವೆಯ ಬಟ್ಟೆಯಲ್ಲಿದ್ದಳು, ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಜಗಳ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

"ಒರೆಸ್ತೀನಿ, ಈಗಲೇ ಒರೆಸ್ತೀನಿ," ಎಂದಳು ಇರ್ಮಾ, ಒದ್ದೆ ಬಟ್ಟೆ ಹಿಡಿದು.

"ಎಷ್ಟು ಅಂತ ಒರೆಸ್ತೀಯಮ್ಮ."

"ಕೋಳಿ ಕೊಟ್ಟಾಯ್ತಲ್ಲ. ಮಗು ಬರೋ ಹೊತ್ತಿಗೆ ಮಳೆಗಾಲ. ಆಗ ಇಷ್ಟಿರಲ್ಲ."

ಲೀಸ್ಬೆತ್ ತಾಯಿಯ ಕೆನ್ನೆ ಮುಟ್ಟಿದಳು. "ನೋಡೋಣ," ಎಂದಳು.

ಆ ಒಂದು 'ನೋಡೋಣ'ವನ್ನು ಇರ್ಮಾ ಇಡೀ ಭಾನುವಾರ ಮನಸ್ಸಿನಲ್ಲಿ ಹೊತ್ತು ತಿರುಗಿದಳು. ಇಲ್ಲ ಎನ್ನಲಿಲ್ಲವಲ್ಲ. ಸೋಮವಾರ ಬೆಳಿಗ್ಗೆ ಉಳಿದ ಕೇಕಿನ ತುಂಡನ್ನು ಬುಟ್ಟಿಯಲ್ಲಿಟ್ಟುಕೊಂಡು ಬಿಸಿಲಿಗೆ ಧನ್ಯವಾದ ಹೇಳಲು ಮಠಕ್ಕೆ ಹೋದಳು. ಅದೂ ವಾಡಿಕೆಯೇ. ಗೂಡು ಕೆಟ್ಟು ನಿಂತಿತ್ತು. ಗಂಟೆಯೆಳೆದರೆ ಪಕ್ಕದ ಸಣ್ಣ ಬಾಗಿಲು ತೆರೆದು, ಗಂಡಸರ ಬೂಟು ಹಾಕಿಕೊಂಡ ಒಬ್ಬ ಮುದುಕಿ ಕನ್ಯಾಸ್ತ್ರೀ ಹೊರಗಿಣುಕಿದಳು. ದನಿ ಅದೇ.

"ಬಾ ಒಳಗೆ, ಅಡುಗೆಮನೆಗೇ ಬಾ. ನಾನು ಕೊಲೆತಾ. ಬಿಸಿಲು ಸಾಕಾಯ್ತಾ, ಇನ್ನೂ ಬೇಕಿತ್ತಾ?"

"ಸಾಕಾಯ್ತು ಸಿಸ್ಟರ್."

ಅಡುಗೆಮನೆಯಲ್ಲಿ ಕಿಟಕಿಯುದ್ದಕ್ಕೂ ಮೊಟ್ಟೆ. ತಟ್ಟೆಯಲ್ಲಿ, ಬುಟ್ಟಿಯಲ್ಲಿ, ಸೂಪಿನ ಪಾತ್ರೆಯಲ್ಲಿ, ಎಲ್ಲಿ ನೋಡಿದರೂ ಮೊಟ್ಟೆ. ಕಂದು ಮೊಟ್ಟೆ, ಬಿಳಿ ಮೊಟ್ಟೆ, ಒಡೆತ್‌ಳ ಕೋಳಿ ಇಡುವ ತಿಳಿ ಹಸಿರು ಮೊಟ್ಟೆ.

"ಇದೆಂಥ ವರ್ಷವಮ್ಮ!" ಎಂದಳು ಸಿಸ್ಟರ್ ಕೊಲೆತಾ ಸೊಂಟಕ್ಕೆ ಕೈಯಿಟ್ಟು. "ಏಪ್ರಿಲ್‌ನಿಂದ ಮದುವೆಯೋ ಮದುವೆ. ಹಸಿರು ಮೊಟ್ಟೆಯವಳಂತೂ ಮೂರು ಸಲ ಬಂದ್ಲು, ಮೂರು ಸಲಾನೂ ಮಗನ ಮದುವೆಯಂತೆ. ಎಷ್ಟು ಗಂಡುಮಕ್ಕಳೋ ಪುಣ್ಯವಂತೆಗೆ! ನಾವು ಪ್ರಾರ್ಥನೆ ಮಾಡಿ ಮಾಡಿ ಮೊಣಕಾಲು ಸವೀತು. ಬಿಸಿಲು ಕೊಡೋನು ದೇವರು, ಮೊಟ್ಟೆ ತಿನ್ನೋರು ನಾವು. ಅವನಿಗೇನು, ಹಲ್ಲಿದೆಯಾ?"

ಒಡೆತ್‌ಳಿಗೆ ಇದ್ದವನು ಒಬ್ಬನೇ ಮಗ. ಅವನು ಹೆಂಡತಿ ಬಿಟ್ಟು ಹೋದಮೇಲೆ ಮದುವೆ ಎಂಬ ಮಾತೆತ್ತಿದರೆ ಎದ್ದುಹೋಗುವವನು. ಇರ್ಮಾ ಕಿಟಕಿಯ ಕಡೆ ನೋಡಿದಳು. ಇಟ್ಟಿಗೆಗೂಡಿನ ಬೀದಿ ಇಡೀ ಅಲ್ಲಿ ಸಾಲಾಗಿ ಕೂತಿತ್ತು. ಯಾರಿಗೂ ಎಸೆಯಲು ಕೈ ಬಂದಿರಲಿಲ್ಲ. ಎಲ್ಲರೂ ಗೂಡು ತಿರುಗಿಸಿ, ಭಾರ ಕಳೆಯಿತೆಂದು ಮನೆಗೆ ಹೋಗಿದ್ದರು.

ಆಗ ಅವಳಿಗೆ ಮೇಜಿನ ತುದಿಯಲ್ಲಿ ಕೂತ ಹುಡುಗಿ ಕಂಡಳು. ಇಪ್ಪತ್ತು ದಾಟಿರಲಿಕ್ಕಿಲ್ಲ. ಹೊಟ್ಟೆ ಲೀಸ್ಬೆತ್‌ಳಷ್ಟೇ ಬಂದಿತ್ತು.

"ಇವಳು ಸೆಲಾಮ್. ಎರಿಟ್ರಿಯಾದಿಂದ ಯಾರೂ ಇಲ್ದೆ ಬಂದವಳು, ನಮ್ಮ ಅತಿಥಿ ಕೋಣೇಲಿ ಇದ್ದಾಳೆ. ಬಂದಾಗ ಕಡ್ಡಿ ಹಾಗಿದ್ಲು. ಈಗ ನೋಡು ಕೆನ್ನೆ!" ಸಿಸ್ಟರ್ ಬಾಣಲೆಯಿಂದ ಬಿಸಿ ಮೊಟ್ಟೆಗಳನ್ನು ಅವಳ ತಟ್ಟೆಗೆ ಜಾರಿಸಿದಳು. "ದಿನಾ ಎರಡು. ಒಂದು ನಿನಗೆ, ಒಂದು ಅದಕ್ಕೆ. ತಿನ್ನು ಮಗಳೇ."

ಹುಡುಗಿ ಇರ್ಮಾಳ ಕಡೆ ನೋಡಿ ನಕ್ಕಳು. ರೊಟ್ಟಿಯ ಚೂರಿನಿಂದ ಹಳದಿಯನ್ನು ಒಡೆದಳು.

ಇರ್ಮಾ ಸುಮ್ಮನಿದ್ದುಬಿಡಬಹುದಿತ್ತು. ಕೇಕು ಕೊಟ್ಟು ಎದ್ದು ಬರಬಹುದಿತ್ತು. ಹೇಳಿದರೆ ಊರಿಗೆಲ್ಲ ತಿಳಿಯುತ್ತದೆ, ಲೀಸ್ಬೆತ್‌ಳ ಔಷಧಿ ಅಂಗಡಿಯ ಕಟ್ಟೆಗೆ ಎಲ್ಲರಿಗಿಂತ ಮೊದಲು ತಲುಪುತ್ತದೆ. ತಿನ್ನಬಾರದೆಂದು ಗೊತ್ತಿದ್ದೂ ಕೊಟ್ಟವಳು ಎಂದಾದ ಮೇಲೆ ಯಾವ ಮಗಳು ಮಗುವನ್ನು ಕೈಗೆ ಕೊಟ್ಟಾಳು? ಇದೆಲ್ಲ ಅವಳಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಕೈ ಮುಂದೆ ಹೋಗಿ ತಟ್ಟೆಯನ್ನು ಹಿಡಿಯಿತು.

"ತಿನ್ಬೇಡಮ್ಮ," ಎಂದಳು.

ಹುಡುಗಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಬಿಟ್ಟುಕೊಡದೆ ಬದುಕಿ ಬಂದವಳು.

"ಸೀಸ ಇದೆ ಸಿಸ್ಟರ್. ಕಾರ್ಖಾನೇದು. ನಮ್ಮ ಮೊಟ್ಟೆ ತಿನ್ಬಾರ್ದು ಅಂತ ಏಪ್ರಿಲ್‌ನಲ್ಲೇ ಹೇಳಿದ್ದಾರೆ. ಇಲ್ಲಿರೋದೆಲ್ಲ ನಮ್ಮ ಬೀದೀದೇ. ಬಸುರಿಯರು ಮುಟ್ಲೇಬಾರ್ದಂತೆ."

ಸಿಸ್ಟರ್ ಕೊಲೆತಾ ಒಲೆ ಆರಿಸಿದಳು. 

"ಗೊತ್ತಿದ್ದೂ ತಂದ್ಯಾ?"

"ಬಿಸಿಲಿಗೆ ತಂದೆ ಸಿಸ್ಟರ್. ಯಾರಾದ್ರೂ ತಿಂತಾರೆ ಅಂತ ಅಂದ್ಕೊಳ್ಳಲಿಲ್ಲ."

"ತಿನ್ನೋದಲ್ದೆ ಮೊಟ್ಟೇನ ಇನ್ನೇನು ಮಾಡ್ತಾರಮ್ಮ?"

 ಸಿಸ್ಟರ್ ಹುಡುಗಿಯ ಪಕ್ಕ ಕೂತು, ಬಿಡಿ ಮಾತುಗಳಲ್ಲಿ, ಕೈಸನ್ನೆ ಮಾಡಿ ವಿವರಿಸಿದಳು. ಸೆಲಾಮ್‌ಳ ನಗು ಮೆಲ್ಲಗೆ ಹೋಯಿತು. ತಟ್ಟೆಯಿಂದ ಕೈ ತೆಗೆದಳು. ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು, ಥೇಟ್ ಲೀಸ್ಬೆತ್ ನಡುಮನೆಯಲ್ಲಿ ನಿಂತು ಇಟ್ಟುಕೊಂಡಂತೆ. ಆಮೇಲೆ ಇರ್ಮಾಳನ್ನು ನೋಡಿ ಕೇಳಿದಳು:

"ಮಗು... ಸರಿ ಇರುತ್ತಾ?"

ಇರ್ಮಾಗೆ ಆಗ ನಾಚಿಕೆಯಾಯಿತು. ತಿಂಗಳುಗಟ್ಟಲೆ ಏನೂ ಅನಿಸದೆ ಇದ್ದವಳಿಗೆ ಕಿವಿಯವರೆಗೆ ನಾಚಿಕೆಯಾಯಿತು. ಮಗಳೂ ಇದೇ ಪ್ರಶ್ನೆಯನ್ನು ಕೇಳುತ್ತಲೇ ಇದ್ದಳು, ತಾನು ಅದನ್ನು ಕೇಳಿಸಿಕೊಳ್ಳದೆ ಒದ್ದೆ ಬಟ್ಟೆ ಹಿಡಿದು ಓಡಾಡಿದ್ದೆ ಎಂದು ಅವಳಿಗೆ ಆ ಕ್ಷಣ ತಿಳಿಯಿತು.

"ಗೊತ್ತಿಲ್ಲ ಮಗಳೇ," ಎಂದಳು. "ರಕ್ತ ಪರೀಕ್ಷೆ ಮಾಡಿಸ್ಬೇಕು. ಎಲ್ಲಿ ಅಂತ ನಂಗೊತ್ತು, ಈಗಲೇ ಕರ್ಕೊಂಡು ಹೋಗ್ತೀನಿ."

ಕರೆದುಕೊಂಡು ಹೋದಳು. ಅಲ್ಲೂ ಅದನ್ನೇ ಹೇಳಿದರು, ಕಾದು ನೋಡೋಣ ಎಂದು. ಹುಡುಗಿಯನ್ನು ಮಠಕ್ಕೆ ಬಿಟ್ಟು ಬೀದಿಗೆ ಬಂದರೆ ಒಡೆತ್ ಕಿಟಕಿ ತೊಳೆಯುತ್ತಿದ್ದಳು. ಇರ್ಮಾ ನಡೆದದ್ದನ್ನು ಹೇಳಿದಳು. ಒಡೆತ್‌ಳ ಮುಖ ಕೆಂಪಾಯಿತು.

"ನಿನಗ್ಯಾಕೆ ಬೇಕಿತ್ತೇ ಈ ಉಸಾಬರಿ? ಈಗ ಇಡೀ ಊರು ನಮ್ಮ ಮುಖಕ್ಕೆ ಉಗಿಯುತ್ತೆ. ನೀನೊಬ್ಬಳೇ ಸಾಚಾ, ಅಲ್ವಾ?"

"ನಾನೂ ಕೊಟ್ಟಿದ್ದೆ ಒಡೆತ್."

ಒಡೆತ್ ಸ್ಪಂಜನ್ನು ಬಕೆಟ್ಟಿಗೆ ಎಸೆದಳು. ನೀರು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. "ಎಸೆಯೋಕೆ ಕೈ ಬರ್ಲಿಲ್ಲ ಕಣೇ," ಎಂದಳು ಸಣ್ಣ ದನಿಯಲ್ಲಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇರ್ಮಾ ಬೀದಿಕೋಣೆಗೆ ಬಂದಳು. ದಾರಿಯುದ್ದಕ್ಕೂ ಒಂದು ಆಸೆ ಇಟ್ಟುಕೊಂಡು ಬಂದಿದ್ದಳು, ಈ ತೊಟ್ಟಿಲನ್ನು ಸೆಲಾಮ್‌ಗೆ ಕೊಟ್ಟುಬಿಡೋಣ, ಅಷ್ಟಾದರೂ ಆಗಲಿ ಎಂದು. ಹೊದಿಕೆಯನ್ನು ಮಡಿಸಲೆಂದು ಎತ್ತಿದಳು. ಮೊನ್ನೆ ಒಗೆದು ಹಾಸಿದ್ದು. ಮಡಿಕೆ ಇದ್ದಲ್ಲಿ ಬಿಳಿ, ತೆರೆದಿದ್ದಲ್ಲೆಲ್ಲ ಬೂದು. ಕಿಟಕಿ ಮುಚ್ಚಿಯೇ ಇತ್ತು.

ಅವಳು ಹೊದಿಕೆಯನ್ನು ಹಾಗೇ ಬಿಟ್ಟು ಫೋನಿನ ಹತ್ತಿರ ಕೂತು ಮಗಳಿಗೆ ಎಲ್ಲವನ್ನೂ ಹೇಳಿದಳು. ಮೊಟ್ಟೆ, ಗೂಡು, ಹುಡುಗಿ, ತಟ್ಟೆ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. 

"ಯಾಕಮ್ಮ ಇದನ್ನೆಲ್ಲ ನಂಗೆ ಹೇಳ್ತಿದ್ದೀಯ?" ಎಂದಳು ಲೀಸ್ಬೆತ್. "ನಾನು ನೋಡೋಣ ಅಂದಿದ್ದೆನಲ್ಲ."

"ನೋಡೋದು ಬೇಡ," ಎಂದಳು ಇರ್ಮಾ. "ಮಗೂನ ಇಲ್ಲಿಗೆ ತರಬೇಡ. ಯಾವತ್ತೂ ತರಬೇಡ. ನಾನು ಬಂದು ಬೇಡ್ಕೊಂಡ್ರೂ ತರಬೇಡ."

ಆ ಕಡೆ ಲೀಸ್ಬೆತ್ ಅಳತೊಡಗಿದಳು. ಈ ಕಡೆ ಇರ್ಮಾ ಗೋಡೆ ನೋಡುತ್ತ ಕೂತಳು.

"ನಾನೇ ಬರ್ತೀನಿ. ನೀನು ಕರೆದ್ರೆ. ತಲೆ ಸ್ನಾನ ಮಾಡಿ ಬರ್ತೀನಿ, ಚಪ್ಪಲಿ ಹೊರಗೇ ಬಿಡ್ತೀನಿ. ಎತ್ತಿಕೊಳ್ಳೋಕೆ ಕೊಡದಿದ್ರೂ ಪರವಾಗಿಲ್ಲ, ದೂರದಿಂದ ನೋಡ್ತೀನಿ."

ಕರೆಯುತ್ತೇನೆ ಎಂದು ಲೀಸ್ಬೆತ್ ಹೇಳಲಿಲ್ಲ. ಕರೆಯುವುದಿಲ್ಲ ಎಂದೂ ಹೇಳಲಿಲ್ಲ. ಫೋನ್ ಇಟ್ಟ ಸದ್ದು ಬಂತು.

ಸಂಜೆ ಫಿರ್ಮಿನ್ ಕೊಟ್ಟಿಗೆಯಲ್ಲಿ ಬಟ್ಟೆ ಕಳಚಿ ಒಳ ಅಂಗಿಯಲ್ಲಿ ಓಡಿ ಬಂದ. ಬೀದಿಕೋಣೆಯಲ್ಲಿ ತೊಟ್ಟಿಲಿರಲಿಲ್ಲ. ಇರ್ಮಾ ಅದನ್ನು ಒಬ್ಬಳೇ ಹಿತ್ತಿಲಿಗೆ ಎಳೆದೊಯ್ದು ಖಾಲಿ ಕೋಳಿಗೂಡಿನ ಪಕ್ಕ ನಿಲ್ಲಿಸಿದ್ದಳು. ಅವನು ಕಿಟಕಿಯಿಂದ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಯಾಕೆ ಹೊರಗಿಟ್ಟಿದ್ದೀಯ? ಮಳೆ ಬಂದ್ರೆ ಬಣ್ಣ ಹೋಗುತ್ತೆ."

"ಹೋಗ್ಲಿ ಬಿಡು," ಎಂದಳು ಇರ್ಮಾ. "ಕೈ ತೊಳ್ಕೊಂಡು ಬಾ, ಊಟ ಆರುತ್ತೆ."